ಫಿಟ್ಸ್ ಬಂದಾಗ ನೋಡಿದವರನ್ನು ಕರ್ಕೊಂಡು ಹೋಗಿ

ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದು, ಮೊದಲ ಸಲ ನರರೋಗ ತಜ್ಞರ ಹತ್ತಿರ ಹೊರಟಾಗ ನಮ್ಮಲ್ಲಿ ಒಂದು ಪದ್ಧತಿ ಇದೆ. ದೊಡ್ಡಪ್ಪನೋ ಸೋದರಮಾವನೋ ಮುಂದೆ ನಿಲ್ಲುತ್ತಾರೆ. ಮಾತಾಡಿ ಗೊತ್ತಿರುವವರು, ಕಾರು ಇರುವವರು. ಫಿಟ್ಸ್ ಬಂದಾಗ ಪಕ್ಕದಲ್ಲೇ ಇದ್ದ ಅಜ್ಜಿ ಮನೆಯಲ್ಲೇ ಉಳಿಯುತ್ತಾರೆ. ಹಾಸ್ಟೆಲ್ ರೂಮ್‌ಮೇಟ್‌ನ್ನು ಕರೆಯಬೇಕು ಅಂತ ಯಾರಿಗೂ ಹೊಳೆಯುವುದೇ ಇಲ್ಲ.

ನನಗೆ ಇದು ಪೂರ್ತಿ ಉಲ್ಟಾ ಅನ್ನಿಸುತ್ತದೆ. ಡಾಕ್ಟರ ಮುಂದೆ ಕೂರುವ ಹೊತ್ತಿಗೆ ರೋಗಿ ಆರಾಮಾಗಿ ಇರುತ್ತಾರೆ. ಎಚ್ಚರ ತಪ್ಪಿದ್ದರೆ ಆಗಿದ್ದೇನು ಅಂತ ಅವರಿಗೇ ನೆನಪಿರುವುದಿಲ್ಲ. ತಲೆಗೆ ವೈರ್ ಅಂಟಿಸಿ ಮಾಡುವ ಇಇಜಿ ಸಾಮಾನ್ಯವಾಗಿ ಅರ್ಧ ಗಂಟೆಯ ಆಟ. ಆ ಹೊತ್ತಿನಲ್ಲಿ ಮಿದುಳು ಸುಮ್ಮನಿದ್ದರೆ ರಿಪೋರ್ಟ್ ನಾರ್ಮಲ್ ಬರುತ್ತದೆ. ಎಮ್‌ಆರ್‌ಐ ಕೂಡ ನಾರ್ಮಲ್ ಇರಬಹುದು. ಹಾಗಂತ ಮೂರ್ಛೆ ರೋಗ ಇಲ್ಲ ಅಂತ ಅಲ್ಲ. ಬಿದ್ದದ್ದು ಫಿಟ್ಸಾ, ಬರೀ ತಲೆ ಸುತ್ತಾ ಅಂತ ಡಾಕ್ಟರು ತೀರ್ಮಾನ ಮಾಡುವುದು ಹೆಚ್ಚಾಗಿ ನೋಡಿದವರ ಮಾತಿನ ಮೇಲೆ.

ನಮ್ಮ ಅಕ್ಕನ ಮಗಳ ವಿಷಯದಲ್ಲಿ ಇದನ್ನು ಕಣ್ಣಾರೆ ಕಂಡೆ. ಪರೀಕ್ಷೆ ಸಮಯದಲ್ಲಿ ಹಾಸ್ಟೆಲ್‌ನಲ್ಲಿ ಬಿದ್ದಿದ್ದಳು. ಭಾವ ಡಾಕ್ಟರಿಗೆ ಹೇಳುತ್ತಲೇ ಇದ್ದರು, "ಊಟ ಸರಿಯಾಗಿ ಮಾಡಲ್ಲ ಸಾರ್, ವೀಕ್ನೆಸ್ಸು, ಓದೋ ಟೆನ್ಷನ್ನು." ಡಾಕ್ಟರು ಎಲ್ಲ ಕೇಳಿಸಿಕೊಂಡು, ಜೊತೆಗೆ ಬಂದಿದ್ದ ರೂಮ್‌ಮೇಟ್ ಕಡೆ ತಿರುಗಿದರು. ಆ ಹುಡುಗಿ ಅಳುಕುತ್ತಲೇ ಹೇಳಿದಳು, "ಬೆಳಿಗ್ಗೆ ಎದ್ದ ತಕ್ಷಣ ಇವಳ ಕೈ ಪಟ್ ಅಂತ ಎಗರುತ್ತೆ ಸಾರ್. ಬ್ರಷ್ ಬೀಳಿಸ್ತಾಳೆ, ಕಾಫಿ ಚೆಲ್ತಾಳೆ. ನಿದ್ದೆ ಕೆಟ್ಟ ಮಾರನೇ ದಿನ ಜಾಸ್ತಿ. ನಾವೆಲ್ಲ ನಗ್ತಿದ್ವಿ."

ಡಾಕ್ಟರು ಪೆನ್ ಎತ್ತಿಕೊಂಡದ್ದು ಆಗ. ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆ ರೋಗದ ಗುರುತೇ ಈ ಬೆಳಗಿನ ಕೈ ಎಗರಾಟ. ನಿದ್ದೆಗೇಡು ಅದನ್ನು ಕೆರಳಿಸುತ್ತದೆ. ಈ ಬಗೆಯಲ್ಲಿ, ಫಿಟ್ಸ್‌ಗೆ ಅಂತಲೇ ಕೊಡುವ ಕಾರ್ಬಮಜೆಪೀನ್, ಫೆನಿಟಾಯಿನ್ ತರಹದ ಮಾತ್ರೆಗಳು ಎಗರಾಟವನ್ನು ಜಾಸ್ತಿ ಮಾಡಬಹುದು. ಅಂದರೆ ಚೀಟಿಯಲ್ಲಿ ಯಾವ ಮಾತ್ರೆ ಬರೆಯಬೇಕು ಅನ್ನುವುದನ್ನೇ ಆ ಹುಡುಗಿಯ ಮಾತು ಬದಲಿಸಿತು. ಭಾವ ಹೊರಗೆ ಬಂದ ಮೇಲೂ "ಟೆನ್ಷನ್ನೇ ಕಾರಣ" ಅನ್ನುತ್ತಿದ್ದರು, ಅದು ಬೇರೆ ಮಾತು.

ಎಲ್ಲಿ, ಏನು ಮಾಡುವಾಗ ಬಂತು ಅನ್ನುವುದೂ ಅಷ್ಟೇ ಮುಖ್ಯ. ತಲೆಗೆ ಬಿಸಿಬಿಸಿ ನೀರು ಹುಯ್ದುಕೊಳ್ಳುವಾಗ ಬರುವ ಫಿಟ್ಸ್ ಅಂತಲೇ ಒಂದಿದೆ. ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ ಇದು ಹೆಚ್ಚು. ಬೆಂಗಳೂರಿನ ಡಾ. ಕೆ.ಎಸ್. ಮಣಿ, ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಇದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಆದರೆ ಮನೆಯಲ್ಲಿ ಏನಂತಾರೆ? "ಬಚ್ಚಲಲ್ಲಿ ಜಾರಿ ಬಿದ್ದ", "ಪಿತ್ತ ನೆತ್ತಿಗೇರಿತು". ಹಂಡೆ ನೀರಿನ ವಿಷಯ ಡಾಕ್ಟರವರೆಗೆ ಹೋಗುವುದೇ ಇಲ್ಲ. ನೀರಿನ ಬಿಸಿ ಕಡಿಮೆ ಮಾಡಿದರೇ ಎಷ್ಟೋ ಜನಕ್ಕೆ ಹತೋಟಿಗೆ ಬರುವ ತೊಂದರೆ ಇದು.

ಫಿಟ್ಸ್ ಬಂದಾಗ ತೆಗೆದ ವಿಡಿಯೋ ಇದ್ದರಂತೂ ಇನ್ನೂ ಒಳ್ಳೆಯದು. ಆದರೆ ಮೊದಲು ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಐದು ನಿಮಿಷ ದಾಟಿದರೆ ನೇರ ಆಸ್ಪತ್ರೆಗೆ. ಕೈಗೆ ಕಬ್ಬಿಣ ಕೊಡಬೇಕು ಅಂತ ಬೀಗದ ಕೈ ಹುಡುಕಲು ಓಡುವವರು ಒಬ್ಬರು ಇದ್ದೇ ಇರುತ್ತಾರಲ್ವಾ, ವಿಡಿಯೋ ತೆಗೆಯಲು ಅವರ ಕೈಗೆ ಫೋನ್ ಕೊಡಿ.

ಉಳಿದದ್ದು ಸಣ್ಣಪುಟ್ಟದ್ದು. ಹಳೆಯ ಸ್ಕ್ಯಾನ್, ಚೀಟಿ, ಈಗ ತಗೊಳ್ಳುತ್ತಿರುವ ಮಾತ್ರೆಯ ಸ್ಟ್ರಿಪ್ ಒಯ್ಯಿರಿ. ಇಇಜಿ ಇದ್ದರೆ ತಲೆಗೆ ಎಣ್ಣೆ ಬೇಡ. ಟೆಸ್ಟ್ ಚೆನ್ನಾಗಿ ಬರಲಿ ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಚಿಕ್ಕಂದಿನಲ್ಲಿ ಜ್ವರಕ್ಕೆ ಫಿಟ್ಸ್ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ ಅಂತ ಅಮ್ಮನನ್ನು ಕೇಳಿಕೊಂಡು ಹೋಗಿ.

ಕೇಳಲೇಬೇಕಾದ ಪ್ರಶ್ನೆಗಳೂ ಇವೆ. ಗಾಡಿ ಓಡಿಸಬಹುದಾ? ಒಂದು ಹೊತ್ತು ಮಾತ್ರೆ ತಪ್ಪಿದರೆ ಏನು ಮಾಡಬೇಕು? ಹೆಣ್ಣುಮಕ್ಕಳಾದರೆ, ಈ ಮಾತ್ರೆ ಮುಂದೆ ಬಸುರಿಯಾದಾಗ ಸರಿಯಾ? ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲದು, ಹಾಗಾಗಿ ಇದನ್ನು ಮೊದಲ ದಿನವೇ ಕೇಳಿ. ಆದರೆ ನಮ್ಮವರು ಹುಡುಗಿಯನ್ನು ಹೊರಗೆ ಕಳಿಸಿ, ದನಿ ತಗ್ಗಿಸಿ, "ಮದುವೆ ಮಾಡಬಹುದಾ ಸಾರ್" ಅಂತ ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಮೂರ್ಛೆ ರೋಗದ ನೆಪ ಹೇಳಿ ಮದುವೆ ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯಲ್ಲಿ ಇದ್ದ ದಾರಿಯನ್ನು 1999ರಲ್ಲೇ ತೆಗೆದು ಹಾಕಿದ್ದಾರೆ. ಅವಳ ಮಾತ್ರೆ, ಅವಳ ಮದುವೆ. ಅವಳ ಎದುರಿಗೇ ಕೇಳಿ.

ನೋಡಿದವರು ದೂರದ ಊರಲ್ಲಿದ್ದು ಬರಲು ಆಗದಿದ್ದರೆ, ಹಿಂದಿನ ದಿನವೇ ಅವರಿಗೆ ಹೇಳಿಡಿ. ಒಳಗೆ ಕರೆದಾಗ ಫೋನ್ ಹಚ್ಚಿ ಸ್ಪೀಕರ್ ಹಾಕಿ. ದೊಡ್ಡಪ್ಪ ಬೇಕಾದರೆ ಪಾರ್ಕಿಂಗ್ ನೋಡಿಕೊಳ್ಳಲಿ.