ನರಮೇಧದ ಸಿನಿಮಾದಲ್ಲಿ ಕಲ್ಪನೆಗೆ ಜಾಗ ಇದೆಯಾ?

ಮೊದಲನೇ ಮಹಾಯುದ್ಧದ ಹೊತ್ತಿಗೆ ಒಟ್ಟೋಮನ್ ಸಾಮ್ರಾಜ್ಯದಲ್ಲಿ, ಅಂದರೆ ಇವತ್ತಿನ ಟರ್ಕಿಯ ನೆಲದಲ್ಲಿ, ನಡೆದ ಆರ್ಮೇನಿಯನ್ ಕ್ರೈಸ್ತರ ನರಮೇಧದ ಮೇಲೆ ಬಂದ ಸಿನಿಮಾಗಳು ನಡೆದ ಸಂಗತಿಯ ಜೊತೆಗೆ ಕಟ್ಟುಕಥೆಯನ್ನೂ ಸೇರಿಸುತ್ತವೆ. ಇದು ಸರಿಯಾ? ಇಬ್ಬರು ಬರೆದಿದ್ದಾರೆ.

ಪರ: ಕಥೆ ಇಲ್ಲದಿದ್ದರೆ ಯಾರೂ ಬಂದು ಕೂರುವುದಿಲ್ಲ

ಪರವಾಗಿ ಬರೆಯಿರಿ ಎಂದು ಕೇಳಿದಾಗ ಒಂದು ಷರತ್ತು ಹಾಕಿದೆ. ಈ ವಿಷಯದ ಎಲ್ಲ ಸಿನಿಮಾಗಳನ್ನೂ ನಾನು ಸಮರ್ಥಿಸುವುದಿಲ್ಲ. 2016ರ ‘ದಿ ಪ್ರಾಮಿಸ್’ನ ತ್ರಿಕೋನ ಪ್ರೇಮ ನನಗೂ ಹಿಡಿಸಲಿಲ್ಲ. ಮುಂದೆ ಒಬ್ಬ ಹುಡುಗಿ, ಇಬ್ಬರು ಗಂಡಸರು. ಸಾಯುತ್ತಿರುವ ಜನ ಅವರ ಹಿಂದೆಲ್ಲೋ. ಅಷ್ಟು ಬೇಕಿರಲಿಲ್ಲ. ಆದರೆ ಕಲ್ಪನೆಯೇ ಬೇಡ ಅನ್ನುವುದನ್ನು ಒಪ್ಪಲಾರೆ. ಕಥೆ ಇಲ್ಲದಿದ್ದರೆ ಜನ ಬಂದು ಕೂರುವುದಿಲ್ಲ. ಕೂರದಿದ್ದರೆ ಏನು ನಡೆಯಿತು ಅಂತ ಅವರಿಗೆ ಗೊತ್ತಾಗುವುದೂ ಇಲ್ಲ.

1915ರ ಏಪ್ರಿಲ್ 24ರ ರಾತ್ರಿ ಒಟ್ಟೋಮನ್ ಸರ್ಕಾರದವರು ಇಸ್ತಾಂಬುಲ್‌ನಲ್ಲಿ ಆರ್ಮೇನಿಯನ್ ಲೇಖಕರು, ವಕೀಲರು, ಪತ್ರಕರ್ತರನ್ನು ಮನೆಗಳಿಂದ ಎಳೆದೊಯ್ದರು. ಆಮೇಲೆ ಊರಿಗೆ ಊರನ್ನೇ ಖಾಲಿ ಮಾಡಿಸಿದರು. ಹೆಂಗಸರು, ಮಕ್ಕಳು, ಮುದುಕರನ್ನು ಸಿರಿಯಾದ ಮರುಭೂಮಿಯ ಕಡೆಗೆ ನಡೆಸಿದರು. ಆ ನಡಿಗೆಯ ಬಗ್ಗೆ ನಮ್ಮ ಕೈಲಿ ಏನಿದೆ? ರಾಯಭಾರಿಗಳ ವರದಿ, ಮಿಷನರಿಗಳ ಬರಹ, ಬದುಕುಳಿದವರ ಮಾತು ಇವೆ. ಆರ್ಮಿನ್ ವೆಗ್ನರ್ ಎಂಬ ಜರ್ಮನ್ ಸೈನ್ಯದ ವೈದ್ಯಕೀಯ ಸಿಬ್ಬಂದಿ ಆಜ್ಞೆ ಮೀರಿ ತೆಗೆದ ಫೋಟೊಗಳಿವೆ. ಫೋಟೊದಲ್ಲಿ ಒಬ್ಬ ತಾಯಿ ಮಗುವನ್ನು ಹೆಗಲಿಗೆ ಕಟ್ಟಿಕೊಂಡು ನಿಂತಿದ್ದರೆ, ಅವಳು ಆ ಬೆಳಿಗ್ಗೆ ಮಗುವಿಗೆ ಏನು ಹೇಳಿದಳು ಅಂತ ಯಾವ ಕಡತದಲ್ಲೂ ಇರುವುದಿಲ್ಲ. ಹೇಳಬೇಕಾದವಳೇ ಸತ್ತಿದ್ದಾಳೆ. ಅವಳ ಬಾಯಿಗೆ ಮಾತು ಕೊಡುವವನು ನಿರ್ದೇಶಕ. ಪ್ರತಿ ದೃಶ್ಯಕ್ಕೂ ದಾಖಲೆ ತೋರಿಸಿ ಎಂದು ಹಟ ಹಿಡಿದರೆ ಅವಳು ಮೂಕಿಯಾಗಿಯೇ ಉಳಿಯುತ್ತಾಳೆ.

ಫತೀಹ್ ಅಕಿನ್ ಅವರ 2014ರ ‘ದಿ ಕಟ್’ ನೋಡಿ. ಅಕಿನ್ ಜರ್ಮನಿಯಲ್ಲಿ ಹುಟ್ಟಿ ಬೆಳೆದವರು, ತಂದೆ ತಾಯಿ ಟರ್ಕಿಯವರು. ಅವರೇ ಈ ಸಿನಿಮಾ ಮಾಡಿದ್ದು ದೊಡ್ಡ ಮಾತು. ಮಾರ್ದಿನ್ ಊರಿನ ಕಮ್ಮಾರ ನಜಾರೆತ್‌ನನ್ನು ರಸ್ತೆ ಕೆಲಸಕ್ಕೆ ಹಿಡಿದುಕೊಂಡು ಹೋಗುತ್ತಾರೆ. ಕತ್ತು ಕೊಯ್ಯುತ್ತಾರೆ. ಅವನು ಸಾಯುವುದಿಲ್ಲ, ದನಿ ಹೋಗುತ್ತದೆ. ಆಮೇಲೆ ಅವಳಿ ಹೆಣ್ಣುಮಕ್ಕಳನ್ನು ಹುಡುಕುತ್ತಾ ಅಲೆಪ್ಪೊ, ಕ್ಯೂಬಾ ದಾಟಿ ಅಮೆರಿಕದ ನಾರ್ತ್ ಡಕೋಟಾವರೆಗೆ ಹೋಗುತ್ತಾನೆ. ನಜಾರೆತ್ ಅನ್ನುವವನು ಇರಲೇ ಇಲ್ಲ. ಆದರೆ ಆರ್ಮೇನಿಯನ್ ಸೈನಿಕರಿಂದ ಬಂದೂಕು ಕಿತ್ತುಕೊಂಡು, ರಸ್ತೆ ಕಡಿಯಲು ಹಚ್ಚಿ, ಆಮೇಲೆ ಕೊಂದದ್ದು ನಿಜ. ಮಕ್ಕಳು ಅನಾಥಾಲಯಗಳಲ್ಲಿ ಚದುರಿಹೋದದ್ದೂ ನಿಜ. ಹತ್ತು ಜನರಿಗೆ ಆದದ್ದನ್ನು ಒಬ್ಬನ ಮೇಲೆ ಹಾಕಿದರೆ ಅದು ಸುಳ್ಳಾಗುತ್ತದಾ?

ಈ ಕಥೆಗಳಿಗೆ ಎಷ್ಟು ಶಕ್ತಿ ಇದೆ ಅಂತ ಹೆದರಿದವರಿಗೇ ಚೆನ್ನಾಗಿ ಗೊತ್ತು. ಫ್ರಾಂಜ್ ವೆರ್ಫೆಲ್ 1933ರಲ್ಲಿ ಮೂಸಾ ದಾಗ್ ಬೆಟ್ಟದಲ್ಲಿ ಆರ್ಮೇನಿಯನ್ ಹಳ್ಳಿಗರು ಒಡ್ಡಿದ ಪ್ರತಿರೋಧದ ಮೇಲೆ ಕಾದಂಬರಿ ಬರೆದರು. ಹಾಲಿವುಡ್‌ನ ಎಂಜಿಎಂ ಕಂಪನಿ ಅದನ್ನು ಸಿನಿಮಾ ಮಾಡಲು ಹೊರಟಿತು. ವಾಷಿಂಗ್ಟನ್‌ನಲ್ಲಿದ್ದ ಟರ್ಕಿ ರಾಯಭಾರಿ ಮುನೀರ್ ಎರ್ತೆಗುನ್ ಅಮೆರಿಕ ಸರ್ಕಾರದ ಬೆನ್ನು ಬಿದ್ದರು. ಸಿನಿಮಾ ನಿಂತುಹೋಯಿತು. ಇತಿಹಾಸದ ಪುಸ್ತಕ ಬರೆದರೆ ಓದುವವರು ಕೆಲವೇ ಮಂದಿ. ಸಿನಿಮಾ ಬಂದರೆ ಊರೆಲ್ಲ ನೋಡುತ್ತದೆ. ಅದಕ್ಕೇ ಅಷ್ಟು ಒತ್ತಡ ಬಂತು.

ಕಲ್ಪನೆಯನ್ನು ಪ್ರಾಮಾಣಿಕವಾಗಿ ಬಳಸುವುದು ಹೇಗೆ ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಆಟಮ್ ಎಗೋಯಾನ್ ಅವರ 2002ರ ‘ಅರಾರತ್’. ಇದು ನರಮೇಧದ ಬಗ್ಗೆ ಸಿನಿಮಾ ಮಾಡುವವರ ಕುರಿತ ಸಿನಿಮಾ. ವಾನ್ ನಗರದ ಸೆಟ್ ಹಾಕಿದ್ದಾರೆ. ಹಿಂದಿನ ಪರದೆ ಮೇಲೆ ಆರ್ಮೇನಿಯನ್ನರು ತಮ್ಮ ಗುರುತು ಅಂತ ಕಾಣುವ ಅರಾರತ್ ಬೆಟ್ಟ ಬಿಡಿಸಿದ್ದಾರೆ. ಕಲಾ ಇತಿಹಾಸ ಬಲ್ಲ ಆನಿ ಬಂದು, ವಾನ್‌ನಿಂದ ಅರಾರತ್ ಕಾಣುವುದೇ ಇಲ್ಲವಲ್ಲ ಅನ್ನುತ್ತಾಳೆ. ಗೊತ್ತು, ಆದರೂ ಅದು ಇರಲೇಬೇಕು ಅನ್ನುವುದು ಸಿನಿಮಾ ತಂಡದ ವಾದ. ಎಗೋಯಾನ್ ಈ ಜಗಳವನ್ನು ಮುಚ್ಚಿಡುವುದಿಲ್ಲ, ನಮ್ಮ ಮುಂದೆಯೇ ಹರಡುತ್ತಾರೆ.

ಅದೇ ಸಿನಿಮಾದಲ್ಲಿ ಚಿತ್ರಕಾರ ಅರ್ಶೀಲ್ ಗೋರ್ಕಿ ಬರುತ್ತಾರೆ. 1912ರಲ್ಲಿ ವಾನ್‌ನಲ್ಲಿ ಅಮ್ಮನ ಜೊತೆ ಹುಡುಗ ಗೋರ್ಕಿ ಫೋಟೊ ತೆಗೆಸಿಕೊಂಡಿದ್ದರು. 1919ರಲ್ಲಿ ಯೆರೆವಾನ್‌ನಲ್ಲಿ ಅಮ್ಮ ಹಸಿವಿನಿಂದ ಸತ್ತರು. ಅಮೆರಿಕ ಸೇರಿದ ಗೋರ್ಕಿ ಆ ಫೋಟೊ ಇಟ್ಟುಕೊಂಡು ಎಷ್ಟೋ ವರ್ಷ ಒಂದೇ ಚಿತ್ರ ಬರೆದರು. ಫೋಟೊದಲ್ಲಿ ಅಮ್ಮನ ಏಪ್ರನ್ ತುಂಬ ಹೂವಿನ ಕಸೂತಿ. ಚಿತ್ರದಲ್ಲಿ ಕಸೂತಿ ಇಲ್ಲ. ಕೈಬೆರಳುಗಳೂ ಇಲ್ಲ, ಬಣ್ಣ ಸವರಿಬಿಟ್ಟಿದ್ದಾರೆ. ಫೋಟೊ ಪ್ರಕಾರ ಇದು ತಪ್ಪು. ಆದರೆ ಅಮ್ಮನನ್ನು ಕಳೆದುಕೊಂಡ ಮಗನ ಪ್ರಕಾರ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕೆಟ್ಟ ಉದ್ದೇಶದಿಂದ ಕಥೆ ಕಟ್ಟುವವರೂ ಇದ್ದಾರೆ ಅನ್ನಬಹುದು. ಇರಬಹುದು, ಆ ಮಾತು ಬೇರೆ. ಯಾವುದು ಕಲ್ಪನೆ ಎಂದು ಶುರುವಿನಲ್ಲೇ ಹೇಳಿಬಿಡಲಿ. ಅಷ್ಟು ಕೇಳಿದರೆ ನನಗೆ ಸಾಕು.

ವಿರೋಧ: ನಿರಾಕರಿಸುವವರ ಕೈಗೆ ನಾವೇ ಅಸ್ತ್ರ ಕೊಡಬಾರದು

ರಾಜರ ಕಥೆಯಲ್ಲಿ ಒಂದೆರಡು ಸುಳ್ಳು ಸೇರಿದರೆ ಯಾರಿಗೂ ದೊಡ್ಡ ನಷ್ಟವಿಲ್ಲ. ಈ ವಿಷಯ ಹಾಗಲ್ಲ. 10 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅನ್ನುತ್ತಾರೆ ಬಹುಪಾಲು ಇತಿಹಾಸಕಾರರು. ಟರ್ಕಿ ಸರ್ಕಾರ ಇದು ನರಮೇಧವಲ್ಲ ಎಂದು ಇವತ್ತಿಗೂ ಹೇಳುತ್ತಿದೆ. ಈ ವಿಷಯ ಮಾತಾಡಿದ ಪತ್ರಕರ್ತ ಹ್ರಾಂತ್ ದಿಂಕ್ ಅವರ ಮೇಲೆ ಅಲ್ಲಿ ಕೇಸು ಹಾಕಿದರು. 2007ರ ಜನವರಿಯಲ್ಲಿ ಇಸ್ತಾಂಬುಲ್‌ನ ರಸ್ತೆಯಲ್ಲೇ ಅವರ ಕೊಲೆಯಾಯಿತು. ಪ್ರತಿ ಸಾಕ್ಷಿಯನ್ನೂ ಯಾರೋ ಕಿತ್ತುಹಾಕಲು ಕಾಯುತ್ತಿರುವ ಇತಿಹಾಸ ಇದು. ಒಂದು ಹನಿ ಹುಳಿ ಬಿದ್ದರೆ ಹಾಲೆಲ್ಲ ಒಡೆಯುತ್ತದೆ.

ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮೊದಲನೇ ಮಹಾಯುದ್ಧದ ಮೇಲೆ ವಿದ್ಯಾರ್ಥಿಗಳ ಸೆಮಿನಾರ್ ಇತ್ತು. ಒಬ್ಬ ಹುಡುಗ ಆರ್ಮೇನಿಯನ್ನರ ವಿಷಯ ಆರಿಸಿಕೊಂಡಿದ್ದ. ಒಳ್ಳೆ ಹುಡುಗ, ಶ್ರದ್ಧೆಯಿಂದ ಓದಿಕೊಂಡು ಬಂದಿದ್ದ. ಕೊನೆಯಲ್ಲಿ ಪ್ರೊಜೆಕ್ಟರ್ ಮೇಲೆ ಒಂದು ಕಪ್ಪು ಬಿಳುಪು ಚಿತ್ರ ತೋರಿಸಿದ. ಸಾಲಾಗಿ ಶಿಲುಬೆಗಳು, ಒಂದೊಂದರ ಮೇಲೂ ಒಬ್ಬೊಬ್ಬ ಹುಡುಗಿ, ಉದ್ದ ಕೂದಲು ಮೈಮೇಲೆ ಇಳಿಬಿದ್ದಿದೆ. ‘1915ರಲ್ಲಿ ತೆಗೆದ ಫೋಟೊ ಮೇಡಂ’ ಅಂದ. ತರಗತಿಯಲ್ಲಿ ಪಿಟಿಕ್ ಅನ್ನುವ ಸದ್ದಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನವನು ಫೋನ್ ನೋಡಿ ಎದ್ದು ನಿಂತ. ‘ಮೇಡಂ, ಇದು ಸಿನಿಮಾದ್ದು. 1919ರದ್ದು. ಅಮೆರಿಕದಲ್ಲಿ ತೆಗೆದಿದ್ದು.’ ಅವನು ಹೇಳಿದ್ದು ಸರಿ. ಸೆಮಿನಾರ್ ಕೊಡುತ್ತಿದ್ದ ಹುಡುಗನ ಮುಖ ಸಪ್ಪಗಾಯಿತು. ಆಮೇಲೆ ಬಂದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ‘ಹಾಗಾದ್ರೆ ಉಳಿದ ಫೋಟೊಗಳೂ ಸಿನಿಮಾದ್ದೇ ಇರಬಹುದು ಅಲ್ವಾ? ಲೆಕ್ಕವೂ ಜಾಸ್ತಿ ಮಾಡಿ ಹೇಳಿರಬಹುದು.’ ಇಡೀ ತರಗತಿ ಅವನ ಕಡೆ ವಾಲಿತು. ಅವನಿಗೆ ಟರ್ಕಿಯ ಮೇಲೆ ಪ್ರೀತಿಯೂ ಇಲ್ಲ, ಆರ್ಮೇನಿಯನ್ನರ ಮೇಲೆ ದ್ವೇಷವೂ ಇಲ್ಲ. ತನಗೆ ಮೋಸವಾಯಿತು ಅನ್ನಿಸಿತು, ಅಷ್ಟೇ.

ಮುಂದಿನ ತರಗತಿಗಳೆಲ್ಲ ಅದನ್ನು ಸರಿಪಡಿಸುವುದಕ್ಕೇ ಹೋದವು. ಅಮೆರಿಕದ ರಾಯಭಾರಿ ಹೆನ್ರಿ ಮಾರ್ಗೆಂಥೌ 1915ರ ಜುಲೈನಲ್ಲಿ ಕಳಿಸಿದ ತಂತಿಯನ್ನು ಓದಿಸಿದೆ. ಒಂದು ಜನಾಂಗವನ್ನೇ ನಿರ್ನಾಮ ಮಾಡುವ ಕೆಲಸ ನಡೆದಿದೆ ಎಂದು ಅವರು ಆಗಲೇ ಬರೆದಿದ್ದರು. ಯುದ್ಧ ಸೋತ ಮೇಲೆ ಇಸ್ತಾಂಬುಲ್‌ನಲ್ಲೇ, ಒಟ್ಟೋಮನ್ ಸರ್ಕಾರದ್ದೇ ಸೇನಾ ನ್ಯಾಯಾಲಯ 1915ರಲ್ಲಿ ಗೃಹಮಂತ್ರಿಯಾಗಿದ್ದ ತಲಾತ್ ಪಾಷಾನಿಗೆ ಮರಣದಂಡನೆ ವಿಧಿಸಿದ್ದನ್ನು ಹೇಳಿದೆ. ಸ್ವಲ್ಪ ಜನ ನಂಬಿದರು. ಹಿಂದಿನ ಬೆಂಚಿನ ಹುಡುಗ ಸುಮ್ನೆ ತಲೆಯಾಡಿಸಿದ. ಅವನು ಪೂರ್ತಿ ಒಪ್ಪಿದ ಅಂತ ನನಗೆ ಅನ್ನಿಸಲಿಲ್ಲ.

ಆ ಶಿಲುಬೆಯ ದೃಶ್ಯ ಬಂದದ್ದಾದರೂ ಎಲ್ಲಿಂದ? ಅರೋರಾ ಮಾರ್ಡಿಗಾನಿಯನ್ ಹದಿಹರೆಯದ ಹುಡುಗಿ. ಮನೆಯವರನ್ನು ಕಳೆದುಕೊಂಡು, ಮಾರಾಟಕ್ಕೆ ಒಳಗಾಗಿ, ತಪ್ಪಿಸಿಕೊಂಡು ಅಮೆರಿಕ ತಲುಪಿದ್ದಳು. ಅವಳ ಅನುಭವ 1918ರಲ್ಲಿ ಪುಸ್ತಕವಾಯಿತು. ಮರುವರ್ಷ ನಿರಾಶ್ರಿತರಿಗೆ ಹಣ ಕೂಡಿಸಲೆಂದು ಸಿನಿಮಾ ಬಂತು. ಅದರಲ್ಲಿ ಅವಳ ಪಾತ್ರವನ್ನು ಅವಳೇ ಮಾಡಬೇಕಾಯಿತು. ಮೇಕಪ್ ಕೋಣೆಯಿಂದ ಹೊರಬಂದವಳಿಗೆ ಕೆಂಪು ಟೋಪಿ ಹಾಕಿದ ಗಂಡಸರು ಕಂಡರು. ತನ್ನನ್ನು ಮತ್ತೆ ತುರ್ಕರ ಕೈಗೆ ಕೊಡುತ್ತಿದ್ದಾರೆ ಅಂತ ಹೆದರಿಹೋದಳಂತೆ. ಶೂಟಿಂಗ್‌ನಲ್ಲಿ ಅವಳ ಕಾಲು ಮುರಿಯಿತು. ಆದರೂ ಕೆಲಸ ನಿಲ್ಲಿಸಲಿಲ್ಲ. ವಯಸ್ಸಾದ ಮೇಲೆ ಸಂದರ್ಶನದಲ್ಲಿ ಅರೋರಾ ಇನ್ನೊಂದು ಮಾತು ಹೇಳಿದರು. ಆ ಹುಡುಗಿಯರನ್ನು ಶಿಲುಬೆಗೆ ಏರಿಸಿರಲಿಲ್ಲ. ಚೂಪಾದ ಕಂಬಕ್ಕೆ ಚುಚ್ಚಿ ಕೊಂದಿದ್ದರು. ನಡೆದದ್ದನ್ನು ತೆರೆಯ ಮೇಲೆ ತೋರಿಸುವ ಹಾಗಿರಲಿಲ್ಲ. ಅದಕ್ಕೇ ಶಿಲುಬೆ ಬಂತು, ಅಮೆರಿಕದ ಕ್ರೈಸ್ತ ಪ್ರೇಕ್ಷಕರಿಗೆ ಅದು ಥಟ್ಟನೆ ತಾಗುತ್ತದಲ್ಲ.

ಸತ್ಯವನ್ನು ಹೇಳಲು ಬದುಕಿ ಬಂದ ಹುಡುಗಿ ಎದುರಿಗೇ ನಿಂತಿದ್ದಳು. ಅವಳ ಮಾತನ್ನೇ ಬದಲಿಸಿದರು. ಆ ಸಿನಿಮಾದಲ್ಲಿ ಈಗ ಉಳಿದಿರುವುದು ಸುಮಾರು 20 ನಿಮಿಷ ಮಾತ್ರ. ಆದರೆ ಆ ಶಿಲುಬೆಯ ಚಿತ್ರ ಮಾತ್ರ ನಿಜವಾದ ಫೋಟೊ ಎಂಬ ಹೆಸರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಸುತ್ತುತ್ತಲೇ ಇದೆ. ಶುರುವಿನಲ್ಲಿ ‘ಇದು ಕಾಲ್ಪನಿಕ’ ಎಂದು ಹಾಕಿದರೆ ಸಾಕು ಅನ್ನುವವರು ಇದನ್ನು ಯೋಚಿಸಬೇಕು. ಚಿತ್ರವೊಂದೇ ಊರೂರು ಅಲೆಯುವಾಗ ಆ ಸಾಲು ಅದರ ಜೊತೆ ಹೋಗುವುದಿಲ್ಲ.

ಇನ್ನೊಂದು ಅಪಾಯವಿದೆ. ಕಲ್ಪನೆಗೆ ಬಾಗಿಲು ತೆರೆದರೆ ಅದರಲ್ಲಿ ಯಾರು ಬೇಕಾದರೂ ಒಳಗೆ ಬರಬಹುದು. ‘ದಿ ಪ್ರಾಮಿಸ್’ ಅಮೆರಿಕದಲ್ಲಿ ತೆರೆಕಂಡದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕೂ ಒಂದು ತಿಂಗಳು ಮೊದಲು ಟರ್ಕಿಯ ಹಣ ಹಾಕಿದ ‘ದಿ ಒಟ್ಟೋಮನ್ ಲೆಫ್ಟಿನೆಂಟ್’ ಬಂತು. ಅದೇ ಕಾಲ, ಅಲ್ಲೂ ತ್ರಿಕೋನ ಪ್ರೇಮ. ಅಮೆರಿಕದ ನರ್ಸ್, ಅಮೆರಿಕದ ಡಾಕ್ಟರ್, ಚೆಲುವ ತುರ್ಕಿ ಅಧಿಕಾರಿ. ನಡೆದದ್ದು ನರಮೇಧ ಅನ್ನುವುದೇ ಅದರಲ್ಲಿ ತೇಲಿಹೋಗುತ್ತದೆ, ಯುದ್ಧದಲ್ಲಿ ಎಲ್ಲರೂ ಸತ್ತರು ಅನ್ನುವ ಹಾಗೆ. ಒಂದು ಕಡೆಯ ಕಟ್ಟುಕಥೆ ಸರಿ ಎಂದಮೇಲೆ ಇನ್ನೊಂದು ಕಡೆಯದ್ದನ್ನು ಯಾವ ಬಾಯಲ್ಲಿ ತಪ್ಪು ಅನ್ನುವುದು? ಕೊನೆಗೆ ನನ್ನ ಲವ್ ಸ್ಟೋರಿ ನಿನ್ನ ಲವ್ ಸ್ಟೋರಿ ಅಂತ ಜಗಳ. ಟೊರಾಂಟೊ ಚಿತ್ರೋತ್ಸವದಲ್ಲಿ ಕೆಲವೇ ಪ್ರದರ್ಶನ ಕಂಡಿದ್ದ ‘ದಿ ಪ್ರಾಮಿಸ್’ಗೆ ಇಂಟರ್‌ನೆಟ್ಟಿನಲ್ಲಿ ಹತ್ತಾರು ಸಾವಿರ ಜನ ಅಂಕ ಹಾಕಿದ್ದರು. ಕೆಲವರು ಹತ್ತಕ್ಕೆ ಹತ್ತು, ಜಾಸ್ತಿ ಜನ ಒಂದು. ಅಷ್ಟು ಜನ ಸಿನಿಮಾ ನೋಡಿರಲು ಸಾಧ್ಯವೇ ಇರಲಿಲ್ಲ. ಅಲ್ಲಿ ಇತಿಹಾಸದ ಮಾತು ಎಲ್ಲಿತ್ತು?

1930ರ ದಶಕದಲ್ಲಿ ಹಾಲಿವುಡ್ ಹೆದರಿತು ಅನ್ನುವ ಕಥೆಯನ್ನು ಈ ಚರ್ಚೆಯಲ್ಲಿ ತಪ್ಪದೆ ಎತ್ತುತ್ತಾರೆ. ಅದು ರಾಜಕೀಯದ ಮಾತು, ನಾನು ಅಲ್ಲಿಗೆ ಹೋಗುವುದಿಲ್ಲ. ಕಥೆ ಬೇಕು, ಕಥೆ ಬೇಕು ಅನ್ನುವವರಿಗೆ ಬೇಕಿರುವುದು ಪಾಪ್‌ಕಾರ್ನ್ ತಿನ್ನುತ್ತಾ ಅಳುವ ಅವಕಾಶ. ಅದಕ್ಕೆ ಬೇರೆ ವಿಷಯಗಳು ಬೇಕಾದಷ್ಟಿವೆ.

ಅನಿಮೇಷನ್ ಬಗ್ಗೆ ನನ್ನ ತಕರಾರಿಲ್ಲ. ಇನ್ನಾ ಸಹಾಕ್ಯಾನ್ ಅವರ 2022ರ ‘ಅರೋರಾಸ್ ಸನ್‌ರೈಸ್’ನಲ್ಲಿ ಅರೋರಾ ಅವರ ಕಥೆ ಬಿಡಿಸಿದ ಚಿತ್ರಗಳಲ್ಲಿ ಬರುತ್ತದೆ. ನಡುವೆ ವಯಸ್ಸಾದ ಅರೋರಾ ಅವರೇ ಹಳೆಯ ಸಂದರ್ಶನದಲ್ಲಿ ಮಾತಾಡುತ್ತಾರೆ, ಹಳೆಯ ಸಿನಿಮಾದ ಉಳಿದ ತುಣುಕುಗಳೂ ಬರುತ್ತವೆ. ಬಿಡಿಸಿದ್ದು ಯಾವುದು, ನಿಜವಾದ ಹೆಂಗಸು ಯಾರು ಅಂತ ಮಗುವಿಗೂ ಗೊತ್ತಾಗುತ್ತದೆ. ನಟರನ್ನು ನಿಲ್ಲಿಸಿ ಹಳೆಯ ಫೋಟೊದ ಹಾಗೆ ಕಾಣಿಸುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸವಿದೆ.

ಇನ್ನು ಮೂಸಾ ದಾಗ್. ಅಲ್ಲಿನ ಹಳ್ಳಿಗಳ ಜನ ಬೆಟ್ಟ ಹತ್ತಿ 53 ದಿನ ಸೈನ್ಯವನ್ನು ತಡೆದರು. ವೆರ್ಫೆಲ್ ಅದನ್ನು 40 ಮಾಡಿದರು, ಬೈಬಲ್ಲಿನ ಸಂಖ್ಯೆ ಅಂತ. ಈಗ ಜಗತ್ತಿಗೆಲ್ಲ 40 ದಿನವೇ ಗೊತ್ತು. ಆ ಹದಿಮೂರು ದಿನವೂ ಆ ಜನ ಹಸಿದುಕೊಂಡೇ ಹೋರಾಡಿದ್ದರು. ಬಿಳಿ ಬಟ್ಟೆಯ ಮೇಲೆ ದೊಡ್ಡ ಕೆಂಪು ಶಿಲುಬೆ ಬರೆದು, ಇನ್ನೊಂದು ಬಟ್ಟೆಯ ಮೇಲೆ ‘ಕ್ರೈಸ್ತರು ಕಷ್ಟದಲ್ಲಿದ್ದಾರೆ, ಕಾಪಾಡಿ’ ಎಂದು ಇಂಗ್ಲಿಷಿನಲ್ಲಿ ಬರೆದು ಸಮುದ್ರದ ಕಡೆಗೆ ಕಟ್ಟಿದ್ದರು. ಫ್ರೆಂಚ್ ಯುದ್ಧನೌಕೆಯೊಂದು ಅದನ್ನು ಕಂಡಿತು. 4,000ಕ್ಕೂ ಹೆಚ್ಚು ಜನರನ್ನು ಹಡಗುಗಳಲ್ಲಿ ಈಜಿಪ್ಟಿನ ಪೋರ್ಟ್ ಸೈದ್‌ಗೆ ಕರೆದೊಯ್ದರು. ಇದನ್ನು ಇರುವ ಹಾಗೆಯೇ, 53 ದಿನವನ್ನೂ ಲೆಕ್ಕವಿಟ್ಟು, ಪ್ರೇಮಿಗಳನ್ನು ತುರುಕದೆ ಸಿನಿಮಾ ಮಾಡುವ ನಿರ್ದೇಶಕರು ಬಂದರೆ ನಾನು ಮೊದಲ ದಿನವೇ ನನ್ನ ವಿದ್ಯಾರ್ಥಿಗಳನ್ನೆಲ್ಲ ಕರೆದುಕೊಂಡು ಹೋಗುತ್ತೇನೆ.