ಮಂಡಿ ಬೆರಳು ದಾಟಿದರೆ ತಪ್ಪೇನಿಲ್ಲ

ಸ್ಕ್ವಾಟ್‌ನಲ್ಲಿ (ಮಂಡಿ ಮಡಚಿ ಕೂತು ಏಳುವ ವ್ಯಾಯಾಮ) ಮಂಡಿ ಕಾಲ್ಬೆರಳನ್ನು ದಾಟಲೇಬಾರದು, ನೋವಿದ್ದರೆ ಸ್ಕ್ವಾಟನ್ನೇ ಬಿಡಬೇಕು ಎಂದು ಲೇಖನವೊಂದು ಹೇಳುತ್ತದೆ. ಇವೆರಡನ್ನೂ ಒಪ್ಪಲಾಗದು. 2003ರ ಪ್ರಯೋಗವೊಂದರಲ್ಲಿ ಮುಂದೆ ಹಲಗೆ ಅಡ್ಡವಿಟ್ಟು ಮಂಡಿಯನ್ನು ತಡೆದು ಅಳೆದರು. ಮಂಡಿಯ ಮೇಲಿನ ಟಾರ್ಕ್ (ಕೀಲನ್ನು ತಿರುಗಿಸುವ ಬಲ) ಸುಮಾರು 150ರಿಂದ 117 ನ್ಯೂಟನ್-ಮೀಟರ್‌ಗೆ ಇಳಿಯಿತು, ನಿಜ. ಆದರೆ ಸೊಂಟದ ಕೀಲಿನದು 28ರಿಂದ 302ಕ್ಕೆ ಏರಿತು! ಭಾರ ಕಡಿಮೆಯಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ತೊಡೆ ಉದ್ದವಿರುವವರು ಬೆರಳು ದಾಟಬಾರದೆಂಬ ನಿಯಮ ಪಾಲಿಸಹೋದರೆ ಬೆನ್ನು ಬಾಗಿಸಿ ಬೇರೆ ನೋವು ತಂದುಕೊಳ್ಳುತ್ತಾರೆ.

ನೋಡಬೇಕಾದ್ದು ಹಿಮ್ಮಡಿ ನೆಲದಿಂದ ಏಳುತ್ತದೆಯೇ ಎಂಬುದನ್ನು. ಕಾಲಿನ ಹೆಬ್ಬೆರಳನ್ನು ಗೋಡೆಯಿಂದ 10 ಸೆಂ.ಮೀ. ದೂರವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಆಗದಿದ್ದರೆ ಪಾದದ ಕೀಲು ಬಿಗಿಯಾಗಿದೆ ಎಂದರ್ಥ. ಅದು ಸಡಿಲವಾಗುವ ತನಕ ಸ್ಕ್ವಾಟ್ ಮಾಡುವಾಗ ಹಿಮ್ಮಡಿಯಡಿ ಜಿಮ್ಮಿನ 2.5 ಕೆ.ಜಿ. ತೂಕದ ಪ್ಲೇಟ್ ಇಟ್ಟುಕೊಳ್ಳಿ. ಏಳುವಾಗ ಮಂಡಿ ಒಳಕ್ಕೆ ವಾಲಿದರೆ ಎತ್ತುವ ತೂಕ ಇಳಿಸಿ, ಮಂಡಿಯನ್ನು ಪಾದದ ದಿಕ್ಕಿಗೇ ನೂಕಿ.

ನೋವಿದ್ದರೆ ಸ್ಕ್ವಾಟ್ ಪೂರ್ತಿ ಬಿಡಿ ಎಂಬ ಸಲಹೆಯೂ ಬಹುತೇಕರಿಗೆ ಬೇಡ. ನೋವು ಶುರುವಾಗುವ ಆಳಕ್ಕಿಂತ ಸ್ವಲ್ಪ ಎತ್ತರದ ಬೆಂಚಿಟ್ಟು, 3-4 ಸೆಕೆಂಡಿನಲ್ಲಿ ನಿಧಾನಕ್ಕೆ ಇಳಿದು ಕೂತು ಎದ್ದರೆ ಸಾಕು. ಮಂಡಿಚಿಪ್ಪಿನ ಕೆಳಗೇ ಚುಚ್ಚುವ ನೋವಾದರೆ ಗೋಡೆಗೊರಗಿ 45 ಸೆಕೆಂಡು ಕೂರುವುದು, ನಡುವೆ ಎರಡು ನಿಮಿಷ ಬಿಟ್ಟು ಐದು ಸಲ. ಹಲವರಿಗೆ ಇದರಿಂದ ನೋವು ತಗ್ಗುತ್ತದೆ. ಹತ್ತರಲ್ಲಿ ಮೂರರಷ್ಟು ನೋವು ಸಹಿಸಬಹುದು, ಮರುದಿನಕ್ಕೆ ಅದು ಇಳಿದಿರಬೇಕು. ಮಂಡಿ ಊದಿದರೆ, ಮಡಚಿದ್ದು ಸಿಕ್ಕಿಕೊಂಡರೆ ಅಥವಾ ಕುಸಿದರೆ ಮಾತ್ರ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.