ಜಪಾನಿನ ಮುಚ್ಚಳ, ದಾವಣಗೆರೆಯ ಬೇವಿನ ಕೊಂಬೆ

ನಮ್ಮ ಓಣಿಯ ಮುಖಂಡರು ಜಪಾನ್ ನೋಡಿಕೊಂಡು ಬಂದಿದ್ದಾರೆ. ಅಧ್ಯಯನ ಪ್ರವಾಸವಂತೆ. ಅಲ್ಲಿನ ಬೀದಿ ನೋಡಿ ದಂಗಾಗಿದ್ದಾರೆ. ಬೀದಿಯಲ್ಲಿ ಜನ ನಡೆಯಲೂಬಹುದು ಅನ್ನೋದೇ ಅವರಿಗೆ ಹೊಸ ಸುದ್ದಿ.

ಮೊನ್ನೆ ಬೆಣ್ಣೆ ದೋಸೆ ಮುಂದಿಟ್ಟುಕೊಂಡು ವರದಿ ಒಪ್ಪಿಸಿದರು. "ಟೋಕಿಯೋದಾಗ ರಸ್ತೆ ಮ್ಯಾಲೆ ಕಸದ ಡಬ್ಬಿನೇ ಸಿಗಲ್ರಿ. ಆದ್ರೂ ಒಂದು ಚೀಟಿ ಬಿದ್ದಿರಲ್ಲ!" ನಿಜವೇ. 1995ರಲ್ಲಿ ಅಲ್ಲಿನ ಮೆಟ್ರೋದಲ್ಲಿ ವಿಷಾನಿಲ ದಾಳಿ ಆದಮೇಲೆ ಬಹಳ ಕಡೆ ಡಬ್ಬಿ ತೆಗೆದರು. ಜನ ತಮ್ಮ ಕಸ ತಾವೇ ಬ್ಯಾಗಿನಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ಮುಖಂಡರು ಇದರಲ್ಲಿ ಮೊದಲರ್ಧವನ್ನು ತಕ್ಷಣ ಜಾರಿಗೆ ತಂದರು. ಓಣಿಯ ಡಬ್ಬಿ ಮಾಯ. ಉಳಿದರ್ಧ ಎರಡನೇ ಹಂತದಲ್ಲಂತೆ.

ಆಮೇಲೆ ಹಳದಿ ಟೈಲ್ಸ್. ಕಣ್ಣು ಕಾಣದವರು ಕಾಲಲ್ಲೇ ದಾರಿ ತಿಳಿಯಲಿ ಅಂತ ಸೆಯಿಚಿ ಮಿಯಾಕೆ ಎಂಬ ಜಪಾನಿ ಕಂಡುಹಿಡಿದದ್ದು. 1967ರಲ್ಲಿ ಒಕಾಯಾಮ ಊರಿನಲ್ಲಿ ಮೊದಲು ಹಾಕಿದರು. ಉದ್ದ ಗೀಟಿದ್ದರೆ ಮುಂದೆ ನಡಿ, ಚುಕ್ಕಿ ಇದ್ದರೆ ಹುಷಾರು. ನಮ್ಮ ಓಣಿಗೂ ಬಂದಿದೆ. ಗೀಟು ಹಿಡಿದು ಹೊರಟರೆ ಮೊದಲು ಎರಡು ಬೈಕ್, ಆಮೇಲೆ ಮಿರ್ಚಿ ಮಂಡಕ್ಕಿ ಗಾಡಿಯ ಸಿಲಿಂಡರ್, ಕೊನೆಗೆ ನೆಟ್ಟಗೆ ಕರೆಂಟ್ ಕಂಬ. ಚುಕ್ಕಿ ಇರೋದು ಕಂಬದ ಆಚೆಗೆ. ಕೇಳಿದರೆ, "ಹಳದಿ ಮಂಗಳಕರ ಅಲ್ವೇನ್ರಿ?" ಎಂದರು.

ಅವರ ಮನಸ್ಸು ಕದ್ದದ್ದು ಮಾತ್ರ ಮ್ಯಾನ್‌ಹೋಲ್ ಮುಚ್ಚಳ. ಅಲ್ಲಿ ಊರೂರಿಗೂ ಬೇರೆ ಚಿತ್ರ. ಒಸಾಕಾದ ಮುಚ್ಚಳದಲ್ಲಿ ಕೋಟೆ, ಚೆರ್ರಿ ಹೂವು. 2016ರಿಂದ ಮುಚ್ಚಳದ ಕಾರ್ಡ್ ಕೂಡ ಹಂಚುತ್ತಾರೆ, ಜನ ಹುಡುಕಿಕೊಂಡು ಹೋಗಿ ಸಂಗ್ರಹಿಸುತ್ತಾರೆ. ನಮ್ಮೂರು ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಗೆ ಸೇರಿದ್ದೂ ಅದೇ 2016ರಲ್ಲಿ. ಹೊಂದಿಕೆ ನೋಡಿ!

ನಮ್ಮಲ್ಲಿ ಈ ಕಲೆ ಇಲ್ಲವೇ ಇಲ್ಲ ಅಂತಲ್ಲ. ಮುಚ್ಚಳ ಗುಜರಿಗೆ ಹೋದ ಮೇಲೆ ಯಾರೋ ಪುಣ್ಯಾತ್ಮರು ಗುಂಡಿಯಲ್ಲಿ ಬೇವಿನ ಕೊಂಬೆ ನಿಲ್ಲಿಸುತ್ತಾರೆ. ತುದಿಗೊಂದು ಕೆಂಪು ಬಟ್ಟೆ, ಪಕ್ಕದಲ್ಲಿ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಎಲೆ ಹಸಿರಿದ್ದರೆ ಮುಚ್ಚಳ ಹೋಗಿ ಎರಡು ದಿನ. ಬಾಡಿದ್ದರೆ ಒಂದು ವಾರ. ನಮ್ಮ ಓಣಿಯದು ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದಿದೆ. ಇಷ್ಟು ಮಾಹಿತಿ ಕೊಡೋಕೆ ಬೇರೆ ದೇಶದಲ್ಲಿ ಆ್ಯಪ್ ಬೇಕಾಗುತ್ತೆ.

ಈಗ ಮುಚ್ಚಳದ ಮೇಲೆ ಬೆಣ್ಣೆ ದೋಸೆ ಚಿತ್ರ ಹಾಕಿಸುತ್ತಾರಂತೆ. ಹೇಗೂ ದುಂಡಗಿದೆ. ಸಭೆಯಲ್ಲಿ ಒಬ್ಬರು ಗಾಜಿನ ಮನೆ ಇರಲಿ ಎಂದರು. ಇನ್ನೊಬ್ಬರು ಮಂಡಕ್ಕಿ ಬಿಟ್ಟರೆ ಸುಮ್ನಿರಲ್ಲ ಎಂದು ಎದ್ದು ನಿಂತರು. "ಮುಚ್ಚಳ ಯಾವಾಗ ಬರುತ್ತಪ್ಪಾ?" ಎಂದ ಹಿರಿಯರೊಬ್ಬರನ್ನು, "ಅಜ್ಜಾರೆ, ವಿಷಯಕ್ಕೆ ಬರ್ರಿ" ಎಂದು ಕೂರಿಸಿದರು.

ಕೊನೆಗೆ ಎಂಜಿನಿಯರ್ ಮಾದರಿಯ ಫೋಟೋ ಕೇಳಿದರು. ಮುಖಂಡರು ಮೊಬೈಲ್ ತೆಗೆದು ತೋರಿಸಿದರು. ಒಸಾಕಾ, ಕ್ಯೋಟೋ, ಟೋಕಿಯೋ, ಎಲ್ಲದರಲ್ಲೂ ಅವರೇ ನಿಂತಿದ್ದಾರೆ. ಮುಚ್ಚಳ ಅವರ ಬೂಟಿನ ಕೆಳಗೆ. ಹಾಗಾಗಿ ಚಿತ್ರ ಸರಿಯಾಗಿ ನೋಡಿ ಬರಲು ಇನ್ನೊಂದು ತಂಡ ಹೊರಡುತ್ತಿದೆ. ಈ ಸಲ ಮನೆಯವರೂ ಜೊತೆಗೆ ಹೋಗುತ್ತಾರೆ. ಫೋಟೋ ತೆಗೆಯೋಕೆ ಯಾರಾದರೂ ಬೇಕಲ್ಲ.